ತೆಂಗಿನಕಾಯಿ ಸುಲಿಯುವ ಉಪಕರಣದ ಹಿಡಿಗೆ ನೇರ ತ್ರೀಡಿ ಪ್ರಿಂಟ್ ಸಾಕೇ, ಕಾನ್ಸೆಪ್ಟ್ ಮಾಡೆಲ್ ಬೇಕೇ?

ಕಾನ್ಸೆಪ್ಟ್ ಮಾಡೆಲ್, ಅಂದರೆ ಆಕಾರ, ಹಿಡಿತ ನೋಡಲು ಕೈಯಲ್ಲೇ ಮಾಡುವ ಕಚ್ಚಾ ಮಾದರಿ, ಬೇಕೇ ಬೇಕು. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿಗೆ ಡ್ರಾಯಿಂಗ್ ಕೊಡುವ ಮೊದಲು ಗಟ್ಟಿ ಥರ್ಮಕೋಲ್‌ನಲ್ಲಿ ನಿಜ ಅಳತೆಯ ಮೂರು ಹಿಡಿ ಮಾಡಿ: 30, 35, 40 ಮಿ.ಮೀ. ದಪ್ಪ. 120 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ರಬ್ಬರ್ ಗಮ್, ಸ್ಪ್ರೇ ಪೇಂಟ್ ಬೇಡ. ಅವುಗಳ ದ್ರಾವಕ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಫೆವಿಕಾಲ್ ಹಚ್ಚಿ ಒಂದು ರಾತ್ರಿ ಬಿಡಿ, ನಮ್ಮ ಮಳೆಗಾಲದಲ್ಲಾದರೆ ಎರಡು ದಿನ.

ಹೆಚ್ಚಿನವರು ಎಡವುವುದು ತೂಕದಲ್ಲಿ. ಹಗುರವಾದ ಮಾಡೆಲ್ ಯಾರ ಕೈಗಾದರೂ ಹಿತವಾಗಿಯೇ ಇರುತ್ತದೆ. ಒಳಗೆ ಕಬ್ಬಿಣದ ನಟ್ ತುಂಬಿಸಿ ಅಸಲಿ ತೂಕಕ್ಕೆ ತನ್ನಿ. ಆಮೇಲೆ ದಿನಾ ಕಾಯಿ ಸುಲಿಯುವವರಿಗೆ ಕೊಡಿ, ಕೈ ಬೆವರಿರುವಾಗಲೇ. ಹೇಗಿದೆ ಎಂದು ಕೇಳಬೇಡಿ. ಬೆರಳು ಎಲ್ಲಿ ಕೂರುತ್ತದೆ ನೋಡಿ, ಪೆನ್ನಿನಲ್ಲಿ ಗುರುತು ಹಾಕಿ. ಬಲದ ಪರೀಕ್ಷೆ ಇದರಲ್ಲಿ ಮಾಡಬೇಡಿ, ಅದು ಪ್ರೊಟೊಟೈಪಿನ, ಅಂದರೆ ನಿಜವಾಗಿ ಬಳಸಬಹುದಾದ ಮಾದರಿಯ ಕೆಲಸ.