ಪಟ್ಟೆ ಮೀನು ಪುಟ್ಟ ಮೀನನ್ನು ಅಟ್ಟಾಡಿಸುವುದೇಕೆ?

ಪ್ರಶ್ನೆ: ಮನೆಯಲ್ಲಿ ನೂರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇವೆ. ನೀರು ಹದಕ್ಕೆ ಬರಲಿ ಎಂದು ಅಂಗಡಿಯವರು ಕಪ್ಪು-ಬಿಳಿ ಪಟ್ಟೆಯ ಐದು ಹಂಬಗ್ ಡ್ಯಾಮ್ಸೆಲ್ ಕೊಟ್ಟರು. ಎರಡು ತಿಂಗಳಲ್ಲಿ ಒಂದು ದಪ್ಪಗಾಗಿ ಉಳಿದವನ್ನು ಅಟ್ಟಾಡಿಸುತ್ತಿದೆ. ತೀರಾ ಚಿಕ್ಕದು ಮಾತ್ರ ತಂದಾಗ ಇದ್ದಷ್ಟೇ ಇದೆ, ಸದಾ ಫಿಲ್ಟರ್ ಹಿಂದೆ ಅಡಗಿರುತ್ತದೆ. ಅದಕ್ಕೆ ರೋಗವೇ?
- ಓದುಗರೊಬ್ಬರು, ಮೈಸೂರು

ಉತ್ತರ: ಬಹುಮಟ್ಟಿಗೆ ರೋಗವಲ್ಲ, ದೊಡ್ಡದರ ಕಾಟ. ಈ ಮೀನು ಕೆಂಪು ಸಮುದ್ರದಿಂದ ಪೆಸಿಫಿಕ್ ದ್ವೀಪಗಳವರೆಗೆ ಆಳವಿಲ್ಲದ ಲಗೂನುಗಳಲ್ಲಿ, ಅಂದರೆ ಹವಳದ ದಿಬ್ಬಗಳ ಒಳಗಿನ ಶಾಂತ ಕಡಲನೀರಿನಲ್ಲಿ, ಸಿಗುತ್ತದೆ. ಕೊಂಬೆಕೊಂಬೆಯಾಗಿ ಬೆಳೆದ ಒಂದು ಹವಳದ ಪೊದೆ, ಅದರಲ್ಲೊಂದು ಗುಂಪು. ಗುಂಪಿನಲ್ಲಿ ಗಾತ್ರವೇ ಅಧಿಕಾರ. ನೀರಿನ ಹರಿವಿಗೆ ಎದುರಾಗಿ ದೊಡ್ಡವು ಮುಂದೆ ನಿಂತು ತೇಲಿಬರುವ ಪುಟ್ಟಪುಟ್ಟ ಜೀವಿಗಳಲ್ಲಿ ಒಳ್ಳೆಯದನ್ನೆಲ್ಲ ಹಿಡಿದುಬಿಡುತ್ತವೆ. ಹಿಂದಿರುವ ಸಣ್ಣವಕ್ಕೆ ಮಿಕ್ಕಿದ್ದೇ ಗತಿ. ಜೊತೆಗೆ ಕಚ್ಚಾಟ ಬೇರೆ. ಹಾಗಾಗಿ ಕೆಳಗಿನವು ಬೆಳೆಯುವುದೇ ನಿಧಾನ. ಎಲ್ಲಕ್ಕಿಂತ ದೊಡ್ಡದು ಸಾಮಾನ್ಯವಾಗಿ ಗಂಡು. ಅದು ಸತ್ತರೆ ನಂತರದ ದೊಡ್ಡ ಹೆಣ್ಣು ಗಂಡಾಗಿ ಬದಲಾಗಿ ಆ ಜಾಗಕ್ಕೆ ಬರುತ್ತದೆ!

ಹಾಗೆಂದು ಅದನ್ನು ದುಷ್ಟ ಮೀನು ಎನ್ನಬೇಡಿ. ದೊಡ್ಡ ಮೀನಿನ ನೆರಳು ಬಿದ್ದರೆ ಸಾಕು, ಪೊದೆಯ ಮೇಲೆ ತೇಲುತ್ತಿದ್ದ ಇಡೀ ಗುಂಪು ಕಣ್ಣುಮಿಟುಕಿಸುವಷ್ಟರಲ್ಲಿ ಕೊಂಬೆಗಳ ಸಂದಿಗೆ ನುಗ್ಗುತ್ತದೆ. ಹವಳ ಇದಕ್ಕೆ ಮನೆ, ಅದಕ್ಕಾಗಿಯೇ ಈ ಪರಿಯ ಕಾವಲು. ಹವಳಕ್ಕೂ ಲಾಭವಿದೆ: ಮೀನು ಹೊರಬಿಡುವ ಅಮೋನಿಯ ಹವಳದೊಳಗಿದ್ದು ಅದಕ್ಕೆ ಆಹಾರ ಒದಗಿಸುವ ಪಾಚಿಗೆ ಗೊಬ್ಬರವಾಗುತ್ತದೆ. ಈ ಕುಲದ ಮೀನುಗಳು ರಾತ್ರಿ ಕೊಂಬೆಗಳ ನಡುವೆ ಮಲಗಿದ್ದಾಗಲೂ ರೆಕ್ಕೆ ಬಡಿಯುತ್ತಲೇ ಇದ್ದು, ಒಳಗಿನ ನೀರು ಕದಡಿ ಆಮ್ಲಜನಕ ತಾಗುವಂತೆ ಮಾಡುತ್ತವೆ. ನನಗಂತೂ ಎಷ್ಟು ಓದಿದರೂ ಸಾಲದ ವಿಷಯ ಇದು.

ನಿಮ್ಮ ತೊಟ್ಟಿಯಲ್ಲಿ ಓಡಿಹೋಗಲು ಇನ್ನೊಂದು ಪೊದೆಯಿಲ್ಲ. ನೂರು ಲೀಟರಿಗೆ ಈ ಜಾತಿಯ ಒಂದೇ ಮೀನು ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದವನ್ನು ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ದಪ್ಪನೆಯದನ್ನಷ್ಟೇ ತೆಗೆದರೆ ಎರಡನೆಯದು ಅದೇ ಕೆಲಸ ಶುರುಮಾಡುತ್ತದೆ. ಇನ್ನು, ನೀರು ಹದಗೊಳಿಸಲು ಜೀವಂತ ಮೀನು ಬಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಮೋನಿಯದಲ್ಲಿ ಅವುಗಳ ಕಿವಿರು ಸುಡುತ್ತದೆ. ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕಿ ನಾಲ್ಕಾರು ವಾರ ಕಾದರೂ ಅಮೋನಿಯದ ವಿಷ ಕಳೆಯಲು ಬೇಕಾದ ಬ್ಯಾಕ್ಟೀರಿಯ ಬೆಳೆಯುತ್ತದೆ.

ಆ ಚಿಕ್ಕದನ್ನು ಇವತ್ತೇ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅದೇ ನೀರಿನಲ್ಲಿ ತೇಲಿಬಿಡಿ. ದಿನಕ್ಕೆ ಮೂರು ಬಾರಿ ಸ್ವಲ್ಪಸ್ವಲ್ಪ ಆಹಾರ ಕೊಡಿ.