ಪಕ್ಕದವರು ನಡುಗೋಡೆ ಮುಟ್ಟಿ ಮನೆ ಕಟ್ಟಲು ಹೊರಟಿದ್ದಾರೆ, ಸ್ಟೇ ತರಬೇಕಾ?

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಸಾಗರದ ಪೇಟೆಯೊಳಗೆ ಅಜ್ಜನ ಕಾಲದ ಹಂಚಿನ ಮನೆ. ಹಿಂದೆ ಪಾಲಾದಾಗ ಮಧ್ಯದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ಎರಡೂ ಕಡೆಗೆ ಒಂದೇ ಆಗಿ ಉಳಿದಿದೆ. ಆಚೆ ಪಾಲನ್ನು ಕೊಂಡವರು ಯುಗಾದಿ ಆದಮೇಲೆ ಹಳೇದನ್ನು ಕೆಡವಿ ಆರ್‌ಸಿಸಿ ಮನೆ ಎಬ್ಬಿಸುತ್ತಾರಂತೆ. ಗೋಡೆ ಯಾರದ್ದು ಅಂತ ಎಲ್ಲಿ ನೋಡೋದು, ಸ್ಟೇ ತರಬೇಕಾ, ಅರ್ಧ ಖರ್ಚು ಕೇಳಿದರೆ ಕೊಡಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ವಕೀಲನಲ್ಲ. ಶಿವಮೊಗ್ಗದಲ್ಲಿದ್ದುಕೊಂಡು ಸುತ್ತಲಿನ ತಾಲ್ಲೂಕುಗಳಲ್ಲಿ ಮನೆ ಕೆಲಸದ ಮೇಲುಸ್ತುವಾರಿ ನೋಡಿಕೊಳ್ಳುವವನು. ಹಾಗಾಗಿ ಗೋಡೆಯ ವಿಷಯ ಉದ್ದವಾಗಿ, ಕೋರ್ಟಿನ ವಿಷಯ ಚಿಕ್ಕದಾಗಿ ಬರೆಯುತ್ತೇನೆ.

ಗೋಡೆ ಯಾರದ್ದು ಅನ್ನುವುದಕ್ಕಿಂತ ಅವರು ಪಾಯ ಹೇಗೆ ತೆಗೆಯುತ್ತಾರೆ, ಯಾವ ತಿಂಗಳಲ್ಲಿ ತೆಗೆಯುತ್ತಾರೆ ಅನ್ನುವುದು ನಿಮಗೆ ಹೆಚ್ಚು ಮುಖ್ಯ. ಎಲ್ಲರೂ ಗೋಡೆಯನ್ನೇ ನೋಡುತ್ತಾ ಕೂರುತ್ತಾರೆ, ಗೋಡೆ ಕೂರುವುದು ಬುಡದಿಂದ.

ಹಳೇ ಮನೆಗಳ ಪಾಯ ಆಳ ಇರುವುದಿಲ್ಲ. ಎರಡು, ಹೆಚ್ಚೆಂದರೆ ಮೂರು ಅಡಿ. ಕಲ್ಲು ಜೋಡಿಸಿ ಮಣ್ಣು ತುಂಬಿರುತ್ತಾರೆ, ಮೇಲಿನ ಗೋಡೆಯನ್ನೂ ಎಷ್ಟೋ ಕಡೆ ಮಣ್ಣಲ್ಲೇ ಕಟ್ಟಿರುತ್ತಾರೆ, ಗಾರೆ ಬರೀ ಹೊರಮೈಗೆ. ಈಗಿನವರು ಪಿಲ್ಲರ್ ಗುಂಡಿಯನ್ನು ಐದು ಅಡಿ ಇಳಿಸುತ್ತಾರೆ. ನಿಮ್ಮ ಪಾಯದ ತಳದ ಅಂಚಿನಿಂದ ಕೆಳಗೆ, ಹೊರಗೆ, 45 ಡಿಗ್ರಿ ಓರೆಯಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗುಂಡಿ ಆ ಗೆರೆಯೊಳಗೆ ನುಗ್ಗಿದರೆ ನಿಮ್ಮ ಗೋಡೆಯ ಭಾರ ಹೊತ್ತ ಮಣ್ಣನ್ನೇ ತೆಗೆದ ಹಾಗೆ. ಒಣ ಮಣ್ಣು ಒಂದೆರಡು ದಿನ ತಡೆದುಕೊಂಡೀತು. ರಾತ್ರಿ ಒಂದು ಅಡ್ಡಮಳೆ ಹೊಡೆದು ಗುಂಡಿಯಲ್ಲಿ ನೀರು ನಿಂತರೆ ಬೆಳಗ್ಗೆ ಗುಂಡಿಯ ಮಗ್ಗುಲು ಜರಿದಿರುತ್ತದೆ.

ಅದಕ್ಕೇ ಅವರ ಇಂಜಿನಿಯರ್ ಹತ್ತಿರ ಎರಡು ಮಾತು ಕೇಳಿ. ಒಂದು, ಪಿಲ್ಲರ್ ಸಾಲನ್ನು ನಡುಗೋಡೆಯಿಂದ ಎರಡು ಮೂರು ಅಡಿ ಒಳಗೆ ತೆಗೆದುಕೊಂಡು, ಮೇಲಿನ ಬೀಮನ್ನು ಗೋಡೆ ಕಡೆಗೆ ಚಾಚಬಹುದಲ್ಲ? ವಾಸ್ತು ಹೇಳಿದರೆ ಪಿಲ್ಲರನ್ನು ಯಾವ ಮೂಲೆಗೆ ಬೇಕಾದರೂ ಸರಿಸುವವರಿಗೆ ಇದೇನು ಮಹಾ ಕಷ್ಟವಲ್ಲ. ಎರಡು, ಗೋಡೆಯ ಪಕ್ಕದಲ್ಲೇ ಅಗೆಯಲೇಬೇಕು ಅಂತಾದರೆ ಉದ್ದಕ್ಕೂ ಒಂದೇ ಸಲ ಚರಂಡಿ ತೆಗೆದ ಹಾಗೆ ತೆಗೆಯಬಾರದು. ಮೂರು ನಾಲ್ಕು ಅಡಿಯ ಒಂದು ತುಂಡು ಅಗೆದು, ಕಾಂಕ್ರೀಟ್ ಹಾಕಿ, ಮಣ್ಣು ತುಂಬಿ ದಿಮ್ಮಿಸಿ ಬಿಗಿಮಾಡಿದ ಮೇಲೆ ಒಂದು ಬಿಟ್ಟು ಇನ್ನೊಂದು. ಜೆಸಿಬಿಯವನಿಗೆ ಇದು ಬೇಜಾರಿನ ಕೆಲಸ, ಗಂಟೆ ಲೆಕ್ಕದಲ್ಲಿ ದುಡಿಯುವವನು ಅರ್ಧ ದಿನದಲ್ಲಿ ಎಲ್ಲ ಅಗೆದು ಹೋಗಿಬಿಡುತ್ತಾನೆ. ಗೋಡೆ ಪಕ್ಕದ ಗುಂಡಿ ಆಳಿನ ಕೈಯಲ್ಲೇ ಆಗಬೇಕು ಅಂತ ಮೊದಲೇ ಮಾತಾಗಿರಲಿ.

ಕೆಡವುವಾಗಿನ ಅಪಾಯ ಬೇರೆ. ನಿಮ್ಮ ನಡುಗೋಡೆಯ ಮೇಲೆ ಎರಡೂ ಕಡೆಯ ಪಕಾಸಿಗಳು, ಅಂದರೆ ಹಂಚು ಹೊರುವ ಓರೆ ಮರಗಳು, ಬಂದು ಕೂತಿರುತ್ತವೆ. ಹಂಚಿನ ಮಾಡು ಗೋಡೆಯನ್ನು ಕೆಳಗೆ ಒತ್ತುವುದಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಇಷ್ಟು ವರ್ಷ ಆಚೆ ಮಾಡು ಈಚೆಗೆ, ಈಚೆ ಮಾಡು ಆಚೆಗೆ ತಳ್ಳಿಕೊಂಡು ಗೋಡೆ ನೆಟ್ಟಗೆ ನಿಂತಿದೆ. ಆಚೆಯದ್ದು ಇಳಿಸಿದ ದಿನ ನಿಮ್ಮ ಮಾಡು ಒಂದೇ ತಳ್ಳುತ್ತಿರುತ್ತದೆ, ಎದುರು ಕೊಡುವವರಿಲ್ಲ. ಜೊತೆಗೆ ಅವರ ಅಡ್ಡಗೋಡೆಗಳೂ ಹೋಗಿರುತ್ತವೆ. ಹಾಗಾಗಿ ಅವರು ಮಾಡು ಇಳಿಸುವ ಮೊದಲೇ ಒಬ್ಬ ಹಳೇ ಬಡಗಿಯನ್ನು ಕರೆಸಿ ನಿಮ್ಮ ಕಡೆ ಎದುರುಬದುರು ಗೋಡೆಗಳ ನಡುವೆ ಅಡ್ಡ ತೊಲೆ ಅಥವಾ ಕಬ್ಬಿಣದ ಸರಳು ಕೊಟ್ಟು ಬಿಗಿಸಿಕೊಳ್ಳಿ. ಆಚೆ ಕಡೆಯಿಂದ ಓರೆ ಕಂಬ ಕೊಟ್ಟು ಆನಿಸುವುದೂ ಉಂಟು, ಆದರೆ ಅವು ಗುಂಡಿ ತೆಗೆಯಲು ಅಡ್ಡ ಅಂತ ಎರಡನೇ ವಾರಕ್ಕೇ ಕಿತ್ತು ಹಾಕುತ್ತಾರೆ.

ಅವರ ಅಡ್ಡಗೋಡೆ ನಡುಗೋಡೆಗೆ ಕೂಡುವ ಜಾಗದಲ್ಲಿ ಬ್ರೇಕರ್ ಹಚ್ಚಲು ಬಿಡಬೇಡಿ. ನಡುಗೋಡೆಯಿಂದ ಒಂದು ಅಡಿ ಬಿಟ್ಟು ಕಟರ್‌ನಲ್ಲಿ ಮೇಲಿಂದ ಕೆಳಗೆ ಸೀಳಿ, ಆಚೆಯದ್ದನ್ನು ಬೀಳಿಸಲಿ. ಉಳಿದ ಮೊಂಡನ್ನು ಉಳಿ ಸುತ್ತಿಗೆಯಲ್ಲಿ ಬಿಡಿಸಬೇಕು. ತೊಲೆ, ಪಕಾಸಿ ಕಿತ್ತ ತೂತುಗಳನ್ನು ಅದೇ ವಾರ ಇಟ್ಟಿಗೆ, ಸಿಮೆಂಟು ಕೊಟ್ಟು ಮುಚ್ಚಿಸಬೇಕು.

ಇನ್ನು ಮಳೆ. ಯುಗಾದಿಯಿಂದ ಮುಂಗಾರಿಗೆ ಎರಡು, ಎರಡೂವರೆ ತಿಂಗಳ ಮೇಲೆ ಇಲ್ಲ, ನಡುವೆ ಗುಡುಗಿನ ಮಳೆ ಬೇರೆ. ಶಿವಮೊಗ್ಗ ಪೇಟೆಯ ಮಳೆ ಬೇರೆ, ಸಾಗರ, ಹೊಸನಗರದ ಕಡೆಯ ಮಳೆ ಬೇರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಷ್ಟು ದಿನ ಒಳಗೋಡೆಯಾಗಿದ್ದದ್ದು ಮಾಡು ತೆಗೆದ ದಿನದಿಂದ ಹೊರಗೋಡೆ. ಅದಕ್ಕೆ ಸೂರಿಲ್ಲ, ಮಳೆಗೆ ತಡೆಯುವ ಪ್ಲಾಸ್ಟರ್ ಇಲ್ಲ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು, ನಡುವಿನ ಮಣ್ಣು ನೆನೆದರೆ ಗೋಡೆ ಉಬ್ಬುತ್ತದೆ. ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಗಾಳಿಮಳೆ ಹೊಡೆಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಈಗ ದಪ್ಪ ಟಾರ್ಪಾಲು ಸಾಕು. ಆದರೆ ಅದನ್ನು ಗೋಡೆಯ ತಲೆಯ ಮೇಲಿಂದ ದಾಟಿಸಿ ನಿಮ್ಮ ಹಂಚಿನ ಅಡಿಗೆ ಸಿಕ್ಕಿಸಬೇಕು. ಮುಖಕ್ಕೆ ಮಾತ್ರ ಇಳಿಬಿಟ್ಟರೆ ನೀರು ಹಿಂದಿನಿಂದ ಇಳಿಯುತ್ತದೆ.

ನನ್ನನ್ನು ಕೇಳಿದರೆ, ಗೋಡೆ ಪಕ್ಕದ ಗುಂಡಿ ಮೇ ಮಧ್ಯದೊಳಗೆ ತುಂಬಿ ಮುಗಿಯುವುದಿಲ್ಲ ಅಂತಾದರೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಅಂತ ಅವರಿಗೆ ಹೇಳಬೇಕು. ಬಾಯಿ ಬಿಟ್ಟು ಕೇಳಿದರೆ ಹತ್ತರಲ್ಲಿ ಆರು ಮಂದಿ ಒಪ್ಪುತ್ತಾರೆ, ಅವರ ಸಿಮೆಂಟೂ ಮಳೆಯಲ್ಲಿ ಮೂಟೆಯೊಳಗೇ ಗಟ್ಟಿಯಾಗಿ ಹಾಳಾಗುತ್ತದಲ್ಲ.

ಈಗಲೇ ಮಾಡಬೇಕಾದ ಕೆಲಸ: ಮನೆಯ ಇವತ್ತಿನ ಸ್ಥಿತಿಯ ದಾಖಲೆ. ಪ್ರತಿ ಕೋಣೆಯ ಫೋಟೊ, ವಿಡಿಯೊ ತೆಗೆಯಿರಿ, ಹಳೇ ಬಿರುಕುಗಳ ಪಕ್ಕ ಅಳತೆಪಟ್ಟಿ ಹಿಡಿದು ತೆಗೆಯಿರಿ. ಬಿರುಕು ಎಲ್ಲಿ ಮುಗಿದಿದೆಯೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ದೊಡ್ಡ ಬಿರುಕಿದ್ದರೆ ಪ್ಲಾಸ್ಟರ್ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡೂ ತುದಿಗೆ ಸಿಮೆಂಟು ಕಚ್ಚಿಸಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟು ದಾರಕ್ಕೂ ಗೋಡೆಗೂ ನಡುವೆ ಮೇಲೆ ಎಷ್ಟು ಇಂಚು, ಬುಡದಲ್ಲಿ ಎಷ್ಟು ಇಂಚು ಅಂತ ಗೋಡೆಯ ಮೇಲೇ ಬರೆದಿಡಿ. ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಗೆರೆ ಬಂದರೆ ಹೆದರಬೇಡಿ. ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು ಎದ್ದರೆ, ಅದು ಮೇಲೆ ಹೋದಂತೆ ಅಗಲವಾದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚತೊಡಗಿದರೆ ಕೆಲಸ ನಿಲ್ಲಿಸಿ, ಆ ಕೋಣೆ ಖಾಲಿ ಮಾಡಿ.

ಇದನ್ನೆಲ್ಲ ಛಾಪಾ ಕಾಗದದ ಮೇಲೆ ಒಂದು ಒಪ್ಪಂದವಾಗಿ ಬರೆಸಿ, ಇಬ್ಬರೂ ಸಹಿ ಹಾಕಿ, ಫೋಟೊಗಳನ್ನೂ ಜೊತೆಗೆ ಸೇರಿಸಿ. ಹಾನಿಯಾದರೆ ರಿಪೇರಿ ಖರ್ಚು ಕಟ್ಟಿಸುವವರದ್ದು ಅಂತ ಅದರಲ್ಲಿ ಇರಲಿ. ‘ಕಂಟ್ರಾಕ್ಟರನ ಹತ್ತಿರ ಕೇಳಿ’ ಅನ್ನೋ ಮಾತಿಗೆ ಜಾಗ ಬಿಡಬೇಡಿ.

ಗೋಡೆಯ ಹಕ್ಕು ನೋಡಲು ಪಾಲುಪಟ್ಟಿ, ಅವರ ಕ್ರಯಪತ್ರ ಎರಡರ ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ. ‘ನಡುಗೋಡೆ ಉಭಯತರದ್ದು’, ಅಂದರೆ ಇಬ್ಬರದ್ದೂ, ಅಂತ ಒಂದು ಸಾಲು ಸಿಕ್ಕರೆ ಅರ್ಧ ಗೆದ್ದಂತೆ. ಜಂಟಿ ಗೋಡೆಯನ್ನು ಒಬ್ಬರೇ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಕೆಡವುವಂತಿಲ್ಲ, ಅದರ ಮೇಲೆ ಎತ್ತರಿಸುವಂತಿಲ್ಲ. ಕಾಗದದಲ್ಲಿ ಏನೂ ಇಲ್ಲದಿದ್ದರೂ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಇದೆ: ಪಕ್ಕದ ಜಾಗದಿಂದ ಅಥವಾ ಅದರ ಕಟ್ಟಡದಿಂದ ನಿಮ್ಮ ಕಟ್ಟಡಕ್ಕೆ 20 ವರ್ಷ ತಕರಾರಿಲ್ಲದೆ ಆಧಾರ ಸಿಕ್ಕಿದ್ದರೆ ಆ ಆಧಾರ ನಿಮ್ಮ ಹಕ್ಕಾಗುತ್ತದೆ.

ನಗರಸಭೆಯಲ್ಲಿ ಅವರ ನಕ್ಷೆಗೆ ಮಂಜೂರಾತಿ ಆಗಿದೆಯಾ, ಪಕ್ಕಕ್ಕೆ ಎಷ್ಟು ಜಾಗ ಬಿಡಬೇಕು ಅಂತ ಇದೆ ಅನ್ನೋದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಬಹುದು. ನಕ್ಷೆ ಮೀರಿದರೆ ಅಲ್ಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗೋಡೆ ಯಾರದ್ದು ಅನ್ನುವುದನ್ನು ಮಾತ್ರ ನಗರಸಭೆಯವರು ತೀರ್ಮಾನಿಸುವುದಿಲ್ಲ, ಪೊಲೀಸರೂ ಅಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ.

ಸ್ಟೇ ತರಬೇಕಾ? ಅವರು ಮಾತಿಗೆ ಬರಲು ಒಪ್ಪದಿದ್ದರೆ, ಒಪ್ಪಂದಕ್ಕೆ ಸಹಿ ಹಾಕದೆ ಜೆಸಿಬಿ ತಂದು ನಿಲ್ಲಿಸಿದರೆ, ತರಬೇಕು, ಆ ವಾರವೇ. ತಾತ್ಕಾಲಿಕ ತಡೆಯಾಜ್ಞೆ ಕೇಳುವಾಗಲೇ ಸ್ಥಳ ತನಿಖೆಗೆ ಕೋರ್ಟ್ ಕಮಿಷನರ್ ನೇಮಿಸಿ ಅಂತಲೂ ವಕೀಲರ ಮೂಲಕ ಅರ್ಜಿ ಹಾಕಿಸಿ. ನಿಮ್ಮ ಗಾಜಿನ ಪಟ್ಟಿ, ತೂಗುಗುಂಡಿನ ಲೆಕ್ಕ ಆಗ ಕೆಲಸಕ್ಕೆ ಬರುತ್ತವೆ. ಅವರು ಮೇಲಿನ ಸ್ಲ್ಯಾಬ್ ಹಾಕಿ ಮುಗಿಸಿದ ಮೇಲೆ ಕೋರ್ಟಿಗೆ ಹೋದರೆ ಪರಿಹಾರದ ಹಣದ ಮಾತೇ ಹೆಚ್ಚು. ಮನೆ ನಿಮ್ಮ ತಾಯಿಯವರ ಹೆಸರಿನಲ್ಲಿದೆ ಅಂದಿದ್ದೀರಿ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅವರು ಒಪ್ಪಿದರೆ ಸ್ಟೇ ಬೇಡ. ಅರ್ಧ ಕೆಡವಿದ ಹಂತದಲ್ಲಿ ಕೆಲಸ ನಿಂತು, ಬರಿಮೈ ಗೋಡೆಯ ಮೇಲೆ ಒಂದು ಪೂರ್ತಿ ಮಳೆಗಾಲ ಹೋದರೆ ಕೇಸು ಗೆದ್ದರೂ ಗೋಡೆ ನಿಮ್ಮದೇ ಮನೆಯೊಳಗೆ ಬಿದ್ದಿರುತ್ತದೆ.

ಖರ್ಚಿನ ವಿಷಯ. ಅವರು ತಮ್ಮ ಜಾಗದಲ್ಲಿ ಹೊಸ ಗೋಡೆ ಎಬ್ಬಿಸಿಕೊಂಡರೆ ನೀವು ಒಂದು ಪೈಸೆ ಕೊಡಬೇಕಿಲ್ಲ. ಅವರ ಕೆಲಸದಿಂದ ಜಂಟಿ ಗೋಡೆಗೆ ಆಗುವ ರಿಪೇರಿ, ಆಚೆ ಮುಖದ ಪ್ಲಾಸ್ಟರ್, ಟಾರ್ಪಾಲು ಅವರದ್ದು. ಗೋಡೆ ಮೊದಲೇ ಹಾಳಾಗಿದ್ದು ಇಬ್ಬರೂ ಸೇರಿ ಗಟ್ಟಿ ಮಾಡಿಸುವುದಾದರೆ ಅರ್ಧ ನ್ಯಾಯ. ಹೊಸ ಗೋಡೆಗೂ ಹಳೇ ಗೋಡೆಗೂ ನಡುವೆ ಉಳಿಯುವ ಸಂದಿಗೆ ಮೇಲಿಂದ ತಗಡು ಅಥವಾ ಕಾಂಕ್ರೀಟ್ ಮುಚ್ಚಿಗೆ ಬೇಕೇ ಬೇಕು. ಅದಕ್ಕೆ ಅರ್ಧ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ, ಬದಲಿಗೆ ಅವರ ಟೆರೇಸಿನ ನೀರಿನ ಪೈಪು ನಿಮ್ಮ ಹಂಚಿನ ಮೇಲೆ ಬಾಯಿ ತೆರೆಯದ ಹಾಗೆ ರಸ್ತೆ ಕಡೆಗೆ ತಿರುಗಿಸಿಕೊಳ್ಳಿ.