ಗೆಳತಿಗೆ ಹೆಸರುಗಳ ಕ್ವಿಲ್ಟ್: ಮಾದರಿ ಆಮೇಲೆ, ಮೊದಲು ಪೆನ್ನು ನೋಡಿ

ಊರು ಬಿಡುತ್ತಿರುವ ಗೆಳತಿಗೆ ಎಲ್ಲರೂ ಸೇರಿ ಫ್ರೆಂಡ್‌ಶಿಪ್ ಕ್ವಿಲ್ಟ್ (ಚೌಕ ಚೌಕ ಜೋಡಿಸಿ, ಒಂದೊಂದರಲ್ಲೂ ಒಬ್ಬೊಬ್ಬರ ಹೆಸರು ಬರೆದ, ಕೌದಿಯಂಥ ಹೊದಿಕೆ) ಹೊಲಿದು ಕೊಡಬೇಕು, ಚೌಕಗಳಿಗೆಲ್ಲ ಒಂದೇ ಮಾದರಿ ಇರಲೋ, ಅಮೆರಿಕದ ಬಾಲ್ಟಿಮೋರ್ ಊರಿನ ಹಳೆಯ ಕ್ವಿಲ್ಟ್‌ಗಳ ಹಾಗೆ ಒಬ್ಬೊಬ್ಬರದು ಒಂದೊಂದು ಇರಲೋ, ಹೆಸರುಗಳನ್ನು ನಾನೇ ಚೆಂದವಾಗಿ ಬರೆದುಬಿಡಲೋ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ವಾರಗಟ್ಟಲೆ ಮಾದರಿಗಳ ಚಿತ್ರ ನೋಡುತ್ತ ಕುಳಿತಿದ್ದೆ. ಪೆನ್ನಿನ ಬಗ್ಗೆ ಎರಡು ನಿಮಿಷವೂ ಯೋಚಿಸಲಿಲ್ಲ. ಅದಕ್ಕೆ ದಂಡ ತೆತ್ತೆ.

ಆಗ ನಾವು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಒಂದು ಗಂಟೆ ದೂರದ ಊರಿನಲ್ಲಿದ್ದೆವು. ನನಗೆ ಹಿಮದಲ್ಲಿ ಕಾರು ಓಡಿಸಲು ಕಲಿಸಿದ ಪಕ್ಕದ ಮನೆಯಾಕೆ ಮಗಳ ಬಳಿ ದೇಶದ ಪಶ್ಚಿಮ ತುದಿಯ ಆರೆಗಾನ್‌ಗೆ ಹೊರಟಿದ್ದರು. ನಮ್ಮ ಗುರುವಾರದ ಹೊಲಿಗೆ ಗುಂಪಿನ ಹಿರಿಯಾಕೆ, "ಆರೆಗಾನ್‌ಗೆ ಹೋಗುವವಳನ್ನು ಕ್ವಿಲ್ಟ್ ಕೊಡದೆ ಕಳಿಸಿದರೆ ನಮ್ಮ ಮುತ್ತಜ್ಜಿಯರು ಗೋರಿಯಿಂದ ಎದ್ದು ಬಂದಾರು" ಎಂದರು.

ತಮಾಷೆಯಾಗಿ ಆಡಿದ ಮಾತಾದರೂ ಸುಳ್ಳಲ್ಲ. 1840ರ ದಶಕದಲ್ಲಿ ಅದೇ ಸೀಮೆಯ, ಅಂದರೆ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್ ಕಡೆಯ ಹೆಂಗಸರಿಗೆ ಹೆಸರು ಬರೆದ ಕ್ವಿಲ್ಟ್‌ಗಳ ಹುಚ್ಚು ಹಿಡಿದಿತ್ತು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನಗಳಲ್ಲಿ ಇನ್ನೂ ಜಾಸ್ತಿ. ಮೊದಲು ಆಟೋಗ್ರಾಫ್ ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿದ್ದ ಹೆಸರು, ತಾರೀಖು, ನಾಲ್ಕು ಸಾಲಿನ ಪದ್ಯ ಬಟ್ಟೆಗೆ ಇಳಿದವು. ಆ ಹೊತ್ತಿಗೇ ಪಶ್ಚಿಮಕ್ಕೆ ಎತ್ತಿನ ಗಾಡಿಗಳು ಹೊರಟಿದ್ದವು. ಆರೆಗಾನ್ ದಾರಿ ಸುಮಾರು 3,200 ಕಿಲೋಮೀಟರ್, ತಿಂಗಳುಗಟ್ಟಲೆ ಪಯಣ. ಹೋದವಳು ತವರಿನ ಮುಖ ಮತ್ತೆ ನೋಡುವ ಖಾತ್ರಿಯಿರಲಿಲ್ಲ. (ನಮ್ಮ ನೆರೆಯಾಕೆ ಬೆಳಿಗ್ಗೆ ವಿಮಾನ ಹತ್ತಿ ಊಟದ ಹೊತ್ತಿಗೆ ತಲುಪಿದರು, ಅದು ಬೇರೆ ಮಾತು.)

ನನಗೆ ತಡವಾಗಿ ತಿಳಿದದ್ದು ಶಾಯಿಯ ಸಂಗತಿ. ಹಳೆಯ ಶಾಯಿಯಲ್ಲಿ ಮಾಚಿಕಾಯಿಯ ಒಗರೂ ಕಬ್ಬಿಣದ ಲವಣವೂ ಇರುತ್ತಿದ್ದವು. ಅದರಲ್ಲಿ ಬಟ್ಟೆಯ ಮೇಲೆ ಬರೆದರೆ ವರ್ಷ ಕಳೆದಂತೆ ಶಾಯಿ ಬಟ್ಟೆಯನ್ನೇ ತಿಂದು, ಅಕ್ಷರವಿದ್ದಲ್ಲಿ ಕಂದು ಅಂಚಿನ ತೂತು ಉಳಿಯುತ್ತಿತ್ತು. ಬಟ್ಟೆಗೆಂದೇ ತಯಾರಾದ ಅಳಿಸದ ಶಾಯಿ 1830ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಹುಚ್ಚು ಹಿಡಿದದ್ದು ಅದರ ಬೆನ್ನಿಗೆ. ಶಾಯಿ ಮೊದಲು, ಕ್ವಿಲ್ಟ್ ಆಮೇಲೆ. ನಾನು ತಲೆಕೆಳಗು ಮಾಡಿದೆ.

ನಾವು ಆರಿಸಿದ್ದು ಆ ಕಾಲದ ಆಲ್ಬಂ ಮಾದರಿ: ಹನ್ನೆರಡು ಇಂಚಿನ ಚೌಕ, ಸುತ್ತ ಬಣ್ಣದ ತುಂಡುಗಳು, ನಡುವೆ ಹೆಸರಿಗೊಂದು ಬಿಳಿ ಪಟ್ಟಿ. ಅಂಥವು ಇಪ್ಪತ್ತು. ಒಂದು ಸಂಜೆ ಎಲ್ಲರನ್ನೂ ಮನೆಗೆ ಕರೆದು, ಚಹಾ ಚಕ್ಕುಲಿ ಕೊಟ್ಟು, ಸಹಿ ಹಾಕಿಸಿದೆ. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅವ್ವನಿಗೆ ಇದೆಲ್ಲ ವಿಚಿತ್ರ. ಹಳೆಯ ಸೀರೆಗಳಲ್ಲಿ ಕೌದಿ ಹೊಲಿದ ಕೈ ಅವಳದು. "ಹೊಸ ಬಟ್ಟೆ ಕೊಂಡು, ಕತ್ತರಿಸಿ, ಮತ್ತೆ ಜೋಡಿಸುತ್ತೀರಾ?" ಎಂದಳು. ಆಮೇಲೆ, "ಕೌದಿಗೆ ಹೆಸರು ಯಾಕೆ ಬೇಕು? ಸೀರೆ ನೋಡಿದರೆ ಯಾರದೆಂದು ಗೊತ್ತಾಗುವುದಿಲ್ಲವೇ?" ಹಾಗೆಂದರೂ ಕನ್ನಡಕ ಏರಿಸಿಕೊಂಡು ತನ್ನ ಹೆಸರು ಬರೆದಳು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳ ದೊಡ್ಡ ದೊಡ್ಡ ಅಕ್ಷರ. ಇಪ್ಪತ್ತರಲ್ಲಿ ಕನ್ನಡದ್ದು ಅದೊಂದೇ.

ಈಗ ತಪ್ಪಿನ ವಿಷಯ. ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಹೊಲಿಯುವವರ ಮನೆಯಲ್ಲಿ ಎರಡು ಜಾತಿಯ ಪೆನ್ನುಗಳಿರುತ್ತವೆ. ಒಂದರದು ಪಿಗ್ಮೆಂಟ್ ಶಾಯಿ, ಬಟ್ಟೆಯ ಮೇಲೆ ಉಳಿಯುವಂಥದ್ದು. ಬರೆದು ಒಣಗಿದ ಮೇಲೆ ಇಸ್ತ್ರಿ ಹಾಕಿ ಗಟ್ಟಿ ಮಾಡುತ್ತಾರೆ. ಇನ್ನೊಂದು ಹೊಲಿಗೆಯ ಗೆರೆ ಹಾಕಿಕೊಳ್ಳಲು. ಸುಮಾರು 60 ಡಿಗ್ರಿ ಬಿಸಿ ತಗುಲಿದರೆ ಅದರ ಬಣ್ಣ ಹೋಗುತ್ತದೆ; ಕೆಲಸ ಮುಗಿದ ಮೇಲೆ ಇಸ್ತ್ರಿ ಎಳೆದರೆ ಗೆರೆ ಮಾಯ. ಅಂದರೆ ಒಂದನ್ನು ಕಾಯುವ ಇಸ್ತ್ರಿಯೇ ಇನ್ನೊಂದನ್ನು ಕೊಲ್ಲುತ್ತದೆ. ಎರಡೂ ಕಪ್ಪು, ಎರಡಕ್ಕೂ ಸಪೂರ ಮೊನೆ, ಮತ್ತು ಎರಡನ್ನೂ ನಾನು ಒಂದೇ ಮಗ್‌ನಲ್ಲಿ ಇಟ್ಟು ಮೇಜಿನ ನಡುವೆ ಕೂರಿಸಿದ್ದೆ. ಚಿಂದಿಯ ಮೇಲೊಂದು ಗೆರೆ ಎಳೆದು ಇಸ್ತ್ರಿ ತಗುಲಿಸಿ ನೋಡಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ.

ಎರಡು ವಾರದ ಮೇಲೆ, ಅವ್ವ ಊರಿಗೆ ಮರಳಿದ ಬಳಿಕ, ಶಾಯಿ ಗಟ್ಟಿ ಮಾಡಲು ಕುಳಿತೆ. ನಾಲ್ಕು ಚೌಕ ಸರಿಹೋದವು. ಐದನೆಯದರ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತಿದರೆ ಬರೀ ಬಿಳಿ ಪಟ್ಟಿ. ಬಟ್ಟೆ ಅಡಿಮೇಲಾಗಿರಬೇಕೆಂದು ಹೊರಳಿಸಿ ನೋಡಿದೆ. ಅಲ್ಲಿಗಾದರೂ ನಿಲ್ಲಿಸಬಾರದಿತ್ತೇ? ಪೆನ್ನು ಸರಿಯಾಗಿ ಮೂಡಿರಲಿಕ್ಕಿಲ್ಲ ಎಂದುಕೊಂಡು ಮುಂದುವರಿಸಿದೆ. ಒಟ್ಟು ಏಳು ಹೆಸರು ಹೋದವು. ಏಳನೆಯದು ಅವ್ವನದು.

ಫೋನ್ ಮಾಡಿದರೆ ಅವ್ವ, "ಅದಕ್ಕೆ ಅಳುತ್ತೀಯಾ? ನೀನೇ ಬರೆದುಬಿಡು" ಎಂದಳು. ಪೆನ್ನು ಹಿಡಿದೂ ಕುಳಿತೆ. ನನ್ನ ಅಕ್ಷರ ನೀಟು, ಅವ್ವನದು ಹಾಗಿರಲಿಲ್ಲ.

ಗುಂಪಿನ ಹಿರಿಯಾಕೆಗೆ ಹೇಳಿದಾಗ ಅವರು ಮನಸಾರೆ ನಕ್ಕು, "ಫ್ರೀಜರ್‌ಗೆ ಹಾಕು" ಎಂದರು. ಬಿಸಿಗೆ ಹೋದ ಆ ಬಣ್ಣ ಕೊರೆಯುವ ಚಳಿಗೆ ಮರಳುತ್ತದಂತೆ. ಏಳೂ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಂಗಿನ ತುರಿಯ ಪೊಟ್ಟಣದ ಕೆಳಗೆ ತುರುಕಿದೆ. ಬೆಳಿಗ್ಗೆ ತೆಗೆದರೆ ಹೆಸರುಗಳು ಬಂದಿದ್ದವು, ಮಂಜಿನ ಹಿಂದೆ ನಿಂತವರ ಹಾಗೆ, ಮಸುಕಾಗಿ. ಅವ್ವನ ಹೆಸರಿನ ಒಂದು ಕೊಂಬು ಮಾತ್ರ ಮೂಡಿರಲಿಲ್ಲ. ಅದನ್ನು ತುಂಬಲು ಹೋಗಲಿಲ್ಲ. ಕಂಡಷ್ಟರ ಮೇಲೆ ಕಪ್ಪು ದಾರದಲ್ಲಿ ಕಸೂತಿ ಮಾಡಿದೆ. ಏಳು ಹೆಸರಿಗೆ ಹದಿನೈದು ರಾತ್ರಿ. ಆಮೇಲೆ ಶಾಯಿ ಇದ್ದರೇನು, ಹೋದರೇನು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದೇ ಮಾದರಿ ಇರಲಿ. ಹೂಬುಟ್ಟಿ, ಹೂಮಾಲೆ ತುಂಬಿದ ಬಾಲ್ಟಿಮೋರ್ ಕ್ವಿಲ್ಟ್‌ಗಳು ಮ್ಯೂಸಿಯಂನಲ್ಲಿ ನೋಡಲು ಸೊಗಸು. ನಿಮ್ಮ ಗುಂಪಿನಲ್ಲಿ ಹೊಲಿಗೆ ಬರುವವರು ಮೂವರೇ ಎಂದು ನೀವೇ ಬರೆದಿದ್ದೀರಿ, ಆಸೆಗೆ ಮಿತಿಯಿರಲಿ. ಹೆಸರುಗಳನ್ನು ಮಾತ್ರ ನೀವು ಬರೆಯಬೇಡಿ. ಅಕ್ಷರ ಚೆನ್ನಾಗಿರುವ ಒಬ್ಬಾಕೆಯಿಂದ ಎಲ್ಲರ ಹೆಸರನ್ನೂ ಬರೆಸುವುದು, ಅಚ್ಚು ಒತ್ತಿಸುವುದು ಆ ಕಾಲದಲ್ಲೂ ಇತ್ತು ಎಂದು ಯಾರಾದರೂ ವಾದಿಸಬಹುದು. ನಿಜವೇ. ಚರಿತ್ರೆ ನಿಮ್ಮ ಪರವಾಗಿದೆ, ನಾನಿಲ್ಲ.

ಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆಯಿರಿ. ಬರೆಯುವಾಗ ಜಗ್ಗದಂತೆ ಹಿಂದೆ ಫ್ರೀಜರ್ ಪೇಪರ್‌ನ (ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಕಾಗದ) ಹೊಳೆಯುವ ಬದಿಯನ್ನು ಇಸ್ತ್ರಿಯಿಂದ ಅಂಟಿಸಿ. ಅಂಚಿನಿಂದ ಅರ್ಧ ಇಂಚು ಬಿಟ್ಟು ಬರೆಯಲು ಹೇಳಿ, ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಪೆನ್ನು ಒಂದೇ ಇರಲಿ, ಅದು ನಿಮ್ಮ ಕೈಯಲ್ಲೇ ಇರಲಿ. ನಾಲ್ಕು ಪಟ್ಟಿ ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ, ಯಾರಾದರೊಬ್ಬರು ತಮ್ಮ ಹೆಸರನ್ನೇ ತಪ್ಪಾಗಿ ಬರೆಯುತ್ತಾರೆ. ನಮ್ಮಲ್ಲಿ ಬರೆದದ್ದು ನನ್ನ ಗಂಡ.